ಗ್ರಂಥಾಲಯದಲ್ಲಿ ಫ್ರಿಜ್ ಹುಡುಕಿದ್ದು

ಯಾರ ಮುಂದೆಯೂ ಕೈ ಚಾಚದವನು ಎಂಬ ಹೆಮ್ಮೆ ಹಳೆಯ ಕೋಟಿನ ಹಾಗೆ. ಎಷ್ಟೇ ಬಿಗಿಯಾದರೂ, ದೆಹಲಿಯ ಮೇ ತಿಂಗಳಲ್ಲೂ ಬಿಚ್ಚಲು ಮನಸ್ಸಾಗುವುದಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕತ್ತರಿ ಹಿಡಿದವನು ನಾನು. ಈಗ ಓಖ್ಲಾದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ನಾನು ಇಲ್ಲಿ ಕತ್ತರಿಸಿದ ಷರ್ಟು ಯಾವುದೋ ದೇಶದ ಯಾರದೋ ಹೆಗಲಿಗೆ ಸರಿಯಾಗಿ ಕೂರುತ್ತದೆ. ಇಂಥವನ ಮನೆಯ ಫ್ರಿಜ್ಜು ಒಂದು ಮಧ್ಯಾಹ್ನ ದೊಡ್ಡದಾಗಿ ಗೊರಕೆ ಹೊಡೆದು ಸುಮ್ಮನಾಗಿಬಿಟ್ಟಿತು. ರಿಪೇರಿಯ ಭಯ್ಯಾ ಅದರ ಬೆನ್ನು ತಟ್ಟಿ ನೋಡಿ, "ಮಾಸ್ಟರ್‌ಜೀ, ಇಸೇ ಅಬ್ ಆರಾಮ್ ಕರ್‌ನೇ ದೋ" ಎಂದು ಅದಕ್ಕೆ ಶಾಶ್ವತ ವಿಶ್ರಾಂತಿ ಘೋಷಿಸಿದ.

ಕಾರ್ಖಾನೆಯಲ್ಲಿ ಆ ತಿಂಗಳು ಸಂಬಳ ತಡ. ಹೆಂಡತಿ ಶಾರದಾ, "ಎದುರು ಮನೆ ರಾಯರನ್ನ ಒಂದು ಮಾತು ಕೇಳಬಾರದಾ?" ಎಂದಳು. ರಾಯರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ನಮ್ಮ ಕಡೆಯವರೇ, ಧಾರಾಳಿ. ಧಾರಾಳಿಗಳನ್ನು ಕಂಡರೇ ನನಗೆ ಭಯ. "ನಮ್ಮಜ್ಜಿ ಕಾಲದಲ್ಲಿ ಫ್ರಿಜ್ ಇತ್ತೇನೆ? ಮನೆ ನಡೆಸೋದು ಗೊತ್ತಿದ್ರೆ ದೋಸೆಹಿಟ್ಟು ಹುಳಿ ಬರೋಲ್ಲ" ಎಂದೆ. ಅವಳು "ಅಚ್ಛಾ" ಎಂದಷ್ಟೇ ಹೇಳಿ ಒಳಗೆ ಹೋದಳು. ಆಶ್ಚರ್ಯವೆಂದರೆ, ಅಂದಿನಿಂದ ದಿನವೂ ದೋಸೆ ಹದವಾಗಿಯೇ ಬಂತು. ಕಟಿಂಗ್ ಟೇಬಲ್ಲಿನ ಸುತ್ತ ನಿಂತವರಿಗೆಲ್ಲ ಗೃಹಕೃತ್ಯದ ಶಿಸ್ತಿನ ಬಗ್ಗೆ ಒಂದು ವಾರ ಉಪದೇಶ ಮಾಡಿದೆ.

ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ಮೆಟ್ಟಿಲಲ್ಲಿ ಸಿಕ್ಕ ರಾಯರು "ಫ್ರಿಜ್ ಏನಾಯ್ತು ಮಾಸ್ಟರೇ?" ಎಂದಾಗ, "ಈ ವಾರ ಹೊಸದು ಬರ್ತಿದೆ ಸಾರ್, ಡಬಲ್ ಡೋರ್" ಎಂದುಬಿಟ್ಟೆ. ಸಿಂಗಲ್ ಡೋರ್ ಎಂದಿದ್ದರೂ ಮರ್ಯಾದೆಗೆ ಸಾಲುತ್ತಿತ್ತು. ಬಾಯಿಗೆ ಅಳತೆ ಪಟ್ಟಿ ಎಲ್ಲಿದೆ!

ಐದು ನಿಮಿಷದಲ್ಲಿ ಸಾಲ ಕೊಡುವ ವೆಬ್‌ಸೈಟೊಂದಿದೆ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಮನುಷ್ಯರ ಮುಖ ನೋಡದೆ ಸಾಲ! ನನಗಾಗಿಯೇ ಮಾಡಿದಂತಿತ್ತು. ಆದರೆ ನನ್ನ ಫೋನು ಹೆಸರಿಗಷ್ಟೇ ನನ್ನದು, ಇರುವುದು ಮಗಳ ಕೈಯಲ್ಲಿ. ಹಾಗಾಗಿ ಭಾನುವಾರ ಇಸ್ತ್ರಿ ಷರ್ಟು ಹಾಕಿಕೊಂಡು ಜನಕಪುರಿಯ ಗ್ರಂಥಾಲಯಕ್ಕೆ ಹೊರಟೆ. ಅಲ್ಲಿ ಯಾರು ಬೇಕಾದರೂ ಬಳಸಬಹುದಾದ ಕಂಪ್ಯೂಟರ್ ಇದೆ. "ಪಾಪಾ ಕಿತ್ನಾ ಪಢ್‌ತೇ ಹೈಂ, ಅಲ್ವಾಮ್ಮ!" ಎಂದು ಮಗಳು ನನ್ನ ಓದಿನ ಹುಚ್ಚನ್ನು ಮೆಚ್ಚಿಕೊಂಡಳು.

ಅಲ್ಲಿ ಕೂತು ಆ ಸಾಲದ ಸೈಟಿನ ಹೆಸರು ಒತ್ತಿದರೆ ಪರದೆಯ ತುಂಬ ಒಂದು ಕೆಂಪು ಹಲಗೆ. ಯಂತ್ರ ಕೆಟ್ಟಿದೆಯೆಂದು ಕೌಂಟರಿನ ಮೇಡಂಗೆ ದೂರು ಕೊಟ್ಟೆ. ಆಕೆ ಬಂದು, ಕನ್ನಡಕ ಏರಿಸಿ, 'ಮೌನವಾಗಿರಿ' ಎಂಬ ಬೋರ್ಡಿನ ಕೆಳಗೇ ನಿಂತು ಘೋಷಿಸಿದರು: "ಅಂಕಲ್‌ಜೀ, ಲೋನ್‌ವಾಲೀ ಸೈಟ್ ಯಹಾಂ ಬಂದ್ ಹೈ! ಬಡ್ಡಿಯಲ್ಲಿ ಜನರ ರಕ್ತ ಹೀರ್ತಾರೆ, ಅದಕ್ಕೇ ನಾವೇ ಮುಚ್ಚಿಸಿದ್ದೇವೆ." ಎಲ್ಲ ತಲೆಗಳೂ ಮೇಲೆದ್ದವು. ಒಂದು ಪತ್ರಿಕೆ ಮಾತ್ರ ಕೆಳಗಿಳಿಯಿತು. ಅದರ ಹಿಂದೆ ರಾಯರು.

"ಲೋನಿಗಲ್ಲ ಮೇಡಂ, ಅದರ ಬಗ್ಗೆ ಓದೋಕೆ" ಎಂದೆ. ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ಸಾಲದ ಬಲೆಗಳ ಕುರಿತ ದಪ್ಪ ಹಿಂದಿ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. ರಾಯರು ನೋಡುತ್ತಿದ್ದರು, ಓದದೆ ವಿಧಿಯಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಪುಸ್ತಕದೊಳಗಿನ ಸಾಲಗಾರನಿಗೆ ಅಸಲಿಗಿಂತ ಬಡ್ಡಿ ದೊಡ್ಡದಾಯಿತು. ಪುಟ ತಿರುವಿದರೆ ವಸೂಲಿಯವರು ಅವನ ಮಾವನಿಗೇ ಫೋನು ಮಾಡುತ್ತಿದ್ದರು. ನಮ್ಮ ಮಾವನವರು "ಹಲೋ" ಎನ್ನುವುದು ನನ್ನ ಕಿವಿಗೇ ಕೇಳಿಸಿ ಬೆವರಿಬಿಟ್ಟೆ.

ರಾಯರು ಬಂದು ಪಕ್ಕದಲ್ಲಿ ಕೂತರು. "ಯಾರಿಗೆ ಬೇಕಿತ್ತು ಮಾಸ್ಟರೇ?"

"ಒಬ್ಬ ಸ್ನೇಹಿತನಿಗೆ ಸಾರ್. ಯಾರನ್ನೂ ಕೇಳೋಕೆ ಅವನಿಗೆ ಸಂಕೋಚ."

"ಸಂಬಳ ಬರೋವರೆಗೆ ತಡೀಲಿ ಅಂತ ಹೇಳಿ ಅವರಿಗೆ. ಅಲ್ಲಿವರೆಗೂ ಅವರ ದೋಸೆಹಿಟ್ಟು, ಹಾಲು ನಮ್ಮನೆ ಫ್ರಿಜ್ಜಲ್ಲೇ ಇರ್ಲಿ. ಒಂದು ವಾರದಿಂದ ಅಲ್ಲೇ ಇದೆಯಲ್ಲ! ಅವರ ಮನೆಯವರು ದಿನಾ ನಮಗೂ ದೋಸೆ ಕಳಿಸ್ತಾರೆ, ಚೆನ್ನಾಗಿರುತ್ತೆ."

ಕೆಂಪು ಹಲಗೆ ಈಗ ನನ್ನ ಮುಖದ ಮೇಲಿತ್ತು. ಮನೆಗೆ ಬಂದು ಶಾರದಾಳ ಮುಖ ನೋಡಿದೆ. ಕಾಯುತ್ತಿದ್ದವಳಂತೆ ಅವಳು ಮುಚ್ಚಳದ ಪಾತ್ರೆಯೊಂದನ್ನು ನನ್ನ ಕೈಗಿಟ್ಟು, "ಚಲೋ, ಇವತ್ತಿಂದ ಹಿಟ್ಟು ಇಡೋದು ನೀವೇ" ಎಂದಳು.

ಎದುರು ಮನೆಯ ಬೆಲ್ ಒತ್ತಿದೆ. ರಾಯರು ಬಾಗಿಲು ತೆರೆದು, ಪಾತ್ರೆ ನೋಡಿ, ನಗು ತಡೆದುಕೊಂಡು ಕೇಳಿದರು: "ನಿಮ್ಮ ಸ್ನೇಹಿತರು ಕಳಿಸಿದ್ರೇನು?"

"ಹೌದು ಸಾರ್" ಎಂದೆ. "ತಾನೇ ಬರೋಕೆ ಅವನಿಗಿನ್ನೂ ಸಂಕೋಚ."