ಒಂದು ಸ್ಟಾರಿನ ಕಡಲು

ರಜೆಗೆ ಹೋಗುವವರೆಲ್ಲ ಕಡಲಿರುವ ಊರನ್ನು ಹುಡುಕುತ್ತಾರೆ. ನಮ್ಮವರು ಹುಡುಕುತ್ತಿದ್ದದ್ದು ಕಡಲು ಇಲ್ಲದ ಕಡಲೂರನ್ನು! ಅಂಥದ್ದೊಂದು ಊರು ಇರುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಇತ್ತು. ಬ್ರಿಟನ್ನಿನಲ್ಲಿತ್ತು. ಅದನ್ನು ಕಂಡುಹಿಡಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ನಡೆದ ವಾದಗಳನ್ನು ಕೇಳಿದ್ದರೆ ನಿಮಗೆ ಕಡಲೂ ಬೇಡ, ರಜೆಯೂ ಬೇಡ ಅನ್ನಿಸುತ್ತಿತ್ತು.

ನಾವಿರುವುದು ಕಾರ್ಲ್‌ಸ್ಕ್ರೂನಾದಲ್ಲಿ. ಸ್ವೀಡನ್ನಿನ ದಕ್ಷಿಣದ ಅಂಚಿನಲ್ಲಿ, ದ್ವೀಪಗಳ ಮೇಲೆ ಕೂತ ಊರು. ಅಡುಗೆಮನೆಯ ಕಿಟಕಿಯಲ್ಲಿ ಕಡಲು, ಬಸ್ಸಿನಲ್ಲಿ ಕೂತರೆ ಕಡಲು, ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿ, ಅಂದರೆ ಇಲ್ಲಿನ ದಾಗಿಸ್‌ನಲ್ಲಿ ಪುಟ್ಟ ಮಕ್ಕಳಿಗೆ ಊಟ ಮಾಡಿಸುವಾಗ ತಲೆ ಎತ್ತಿದರೂ ಕಡಲು. ದಾವಣಗೆರೆಯಲ್ಲಿ ಹುಟ್ಟಿ, ಮದುವೆಯಾಗುವವರೆಗೂ ಕಡಲನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದ ನನಗೆ ಇಷ್ಟು ಧಾರಾಳವಾಯಿತು. ಆದರೆ ನಮ್ಮವರು ಕುಂದಾಪುರದ ಕಡೆಯವರು. ಅವರ ಪ್ರಕಾರ ಇದು ಕಡಲೇ ಅಲ್ಲ!

"ಇದೆಂತ ಕಡಲು ಮಾರಾಯ್ತಿ? ಬೆಳಿಗ್ಗೆ ನೋಡಿದ್ರೂ ಅಲ್ಲೇ ಇತ್ತು, ಸಂಜೆ ನೋಡಿದ್ರೂ ಅಲ್ಲೇ ಇದೆ!"

"ಮತ್ತೆ ಎಲ್ಲಿಗೆ ಹೋಗ್ಬೇಕಿತ್ತು ರೀ?"

"ಹೋಗ್ಬೇಕು. ಹೋಗಿ ಬರ್ಬೇಕು. ಅದಕ್ಕೇ ಅದನ್ನ ಕಡಲು ಅನ್ನೋದು. ಇದ್ದಲ್ಲೇ ಇರೋದಕ್ಕೆ ಕೆರೆ ಅಂತಾರೆ."

ಅವರ ಮಾತಿನಲ್ಲಿ ಸತ್ಯ ಇಲ್ಲದೆ ಇರಲಿಲ್ಲ. ಇಲ್ಲಿನ ಬಾಲ್ಟಿಕ್ ಕಡಲಿಗೆ ಉಬ್ಬರ ಇಳಿತ ಎಂಬುದು ಕಣ್ಣಿಗೆ ಕಾಣುವಷ್ಟು ಇಲ್ಲ. ಉಪ್ಪೂ ಕಡಿಮೆ. ಉಪ್ಪು ಕಡಿಮೆ ಎಂಬುದನ್ನು ನಾನು ಓದಿ ತಿಳಿದದ್ದಲ್ಲ. ನಮ್ಮವರು ರುಚಿ ನೋಡಿ ಹೇಳಿದ್ದು!

ಹೌದು, ರುಚಿ ನೋಡುತ್ತಿದ್ದರು. ಯಾವ ನೀರಿಗೇ ಇಳಿಯಲಿ, ಕಾಲಿಡುವ ಮುಂಚೆ ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಚಿಮುಕಿಸಿಕೊಳ್ಳಬೇಕು. ಇದು ಅವರ ಅಮ್ಮ ಕಲಿಸಿದ್ದು. ನೀರಿಗೆ ಮೊದಲು ತಲೆ, ಆಮೇಲೆ ಕಾಲು. ಅಷ್ಟಕ್ಕೇ ನಿಲ್ಲಿಸಿದ್ದರೆ ಭಕ್ತಿ ಅನ್ನಬಹುದಿತ್ತು. ಇವರು ಅದರ ಜೊತೆಗೆ ಒಂದು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, ಒಂದು ಕಣ್ಣು ಮುಚ್ಚಿ, ಮದುವೆಮನೆಯಲ್ಲಿ ಸಾರಿನ ಹದ ನೋಡುವ ಅಡುಗೆಭಟ್ಟರ ಹಾಗೆ ತೀರ್ಪು ಕೊಡುತ್ತಿದ್ದರು: "ಸಪ್ಪೆ!"

ಮಗಳು ಪಕ್ಕದಲ್ಲಿದ್ದರೆ "ಮೆನ್ ಪಪ್ಪಾ!", ಅಯ್ಯೋ ಪಪ್ಪಾ, ಎಂದು ಸ್ವೀಡಿಷ್‌ನಲ್ಲಿ ಗೋಗರೆದು ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದಳು. ಶಾಲೆಯ ಗೆಳತಿಯರು ನೋಡಿಬಿಟ್ಟರೆ?

ಒಂದು ಬೇಸಿಗೆ ಆಫೀಸಿನವರೆಲ್ಲ ಕಡಲ ದಡದ ಸೌನಾಕ್ಕೆ, ಬಿಸಿ ಹಬೆಯ ಕೋಣೆಗೆ, ಕರೆದುಕೊಂಡು ಹೋದರಂತೆ. ಬೆವರಿ ಕೆಂಪಗಾದ ಸ್ವೀಡಿಷರು ಒಬ್ಬೊಬ್ಬರಾಗಿ ಮರದ ಕಟ್ಟೆಯಿಂದ ಕಡಲಿಗೆ ಧುಮುಕಿದರು. ಇವರು ಮಾತ್ರ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ತಲೆಗೆ ನೀರು, ನಾಲಿಗೆಗೆ ಬೆರಳು. ಜೊತೆಯಲ್ಲಿ ಕೆಲಸ ಮಾಡುವ ಮಾತು ಕಡಿಮೆಯ ಮನುಷ್ಯನೊಬ್ಬ ನೀರೊಳಗಿಂದ ಕೇಳಿದ, "ತುಂಬಾ ತಣ್ಣಗಿದೆಯಾ?" ಇವರು ಗಂಭೀರವಾಗಿ ಹೇಳಿದರು, "ಇಲ್ಲ. ಸ್ವಲ್ಪ ಉಪ್ಪು ಬೇಕು." ಆತ ನಗಲಿಲ್ಲ. ಮಾರನೇ ದಿನ ಫೀಕಾ ಸಮಯದಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿರುವಾಗ ಸದ್ದಿಲ್ಲದೆ ಬಂದು ಇವರ ಮುಂದೆ ಒಂದು ಕಿಲೋ ಉಪ್ಪಿನ ಪೊಟ್ಟಣ ಇಟ್ಟು ಹೋದ!

ಅಷ್ಟು ಕಡಲು ಬೇಕಿದ್ದರೆ ಊರಿಗೇ ಹೋಗಬಹುದಿತ್ತಲ್ಲ ಅನ್ನುತ್ತೀರಾ? ಇಲ್ಲಿ ಉದ್ದ ರಜೆ ಸಿಗುವುದು ಜುಲೈಯಲ್ಲಿ. ಜುಲೈಯಲ್ಲಿ ಕುಂದಾಪುರದ ಕಡಲಿಗೆ ಮೀನುಗಾರರೇ ಇಳಿಯುವುದಿಲ್ಲ, ದೋಣಿಗಳೆಲ್ಲ ದಡದ ಮೇಲಿರುತ್ತವೆ. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಒಂದು ಮದುವೆ, ಎರಡು ಗೃಹಪ್ರವೇಶ, ನೂರು ಮನೆಯ ಕಾಫಿ. ಕಡಲನ್ನು ಕಾರಿನ ಕಿಟಕಿಯಿಂದಲೇ ನೋಡಿ ಬರಬೇಕು. ಹೀಗಾಗಿ ಮಗಳಿಗೆ ಹದಿಮೂರು ತುಂಬುತ್ತಾ ಬಂದರೂ ನೀರು ಹಿಂದೆ ಸರಿದು ಮತ್ತೆ ಬರುವುದನ್ನು ಅವಳು ಕೂತು ನೋಡಿರಲಿಲ್ಲ. ನಮ್ಮವರಿಗೆ ಅದೊಂದು ಕೊರಗು. "ಕಡಲು ಅಂದ್ರೆ ಇದೇ ಅಂದ್ಕೊಂಡು ದೊಡ್ಡವಳಾಗ್ತಾಳೆ ನೋಡು," ಎಂದು ಕಿಟಕಿಯ ಕಡೆ ಕೈ ತೋರಿಸುತ್ತಿದ್ದರು, ಅಲ್ಲಿರುವುದು ಯಾರೋ ಸುಳ್ಳು ಹೇಳಿ ಮಾರಿದ ಸಾಮಾನು ಅನ್ನುವ ಹಾಗೆ.

ನಮಗೆ ಸ್ವೀಡಿಷ್ ಪಾಸ್‌ಪೋರ್ಟ್ ಬಂದ ದಿನ ಬೇರೆಯವರಾಗಿದ್ದರೆ ಕೇಕ್ ತರುತ್ತಿದ್ದರು. ಇವರು ಬ್ರಿಟನ್ನಿನ ನಕ್ಷೆ ತೆರೆದರು. "ವೀಸಾ ತಾಪತ್ರಯ ಮುಗೀತು. ಅಲ್ಲಿ ಕಡಲು ಕಣ್ಣಿಗೆ ಕಾಣದಷ್ಟು ದೂರ ಹೋಗತ್ತಂತೆ! ಅದೂ ಅಲ್ದೆ ಐಸ್‌ಕ್ರೀಮ್ ಅಂಗಡಿಯಲ್ಲಿ ನಂಗೆ ಮಾತಾಡೋಕೆ ಬರೋ ಭಾಷೆ."

ಆಮೇಲೆ ಶುರುವಾಯಿತು ವಿಚಾರಣೆ. ನಾನು ಬ್ರೈಟನ್ ಅಂದೆ. ಚಿತ್ರ ನೋಡಿ, "ಬರೀ ಜಲ್ಲಿಕಲ್ಲು. ಇದರ ಮೇಲೆ ರೈಲು ಓಡಿಸ್ಬೇಕು, ಚಾಪೆ ಹಾಸೋದಲ್ಲ," ಅಂದರು. ಬೋರ್ನ್‌ಮತ್? "ಅಲ್ಲಿ ನೀರು ಎರಡು ಮೆಟ್ಟಿಲು ಇಳಿಯತ್ತೆ, ಅಷ್ಟೇ. ನಾಚಿಕೆ ಸ್ವಭಾವದ ಕಡಲು." ಕಾರ್ನ್‌ವಾಲ್? "ತುಂಬಾ ಚೆಂದ ಇದೆ. ಇಷ್ಟು ಚೆಂದ ಇರೋ ಕಡೆ ಬುತ್ತಿ ಬಿಚ್ಚೋಕೆ ಮನಸ್ಸು ಬರಲ್ಲ." ಮಗಳಿಗೆ ಬ್ಲ್ಯಾಕ್‌ಪೂಲ್ ಬೇಕಿತ್ತು, ಅಲ್ಲಿ ತಿರುಗುವ, ಹಾರುವ, ಕಿರುಚಿಸುವ ಆಟಗಳಿದ್ದವು. "ಕಿರುಚೋಕೆ ಅಷ್ಟು ದೂರ ಯಾಕೆ ಮಗಾ? ಇಲ್ಲೇ ಕಿರುಚು," ಅಂದರು. ಅವಳು ಕಿರುಚಿದಳು.

ಕೊನೆಗೆ ಅವರೊಂದು ವಿಧಾನ ಕಂಡುಹಿಡಿದರು. ಲೋಕದ ಜನ ಹೋಟೆಲ್ ಹುಡುಕುವಾಗ ಐದು ಸ್ಟಾರ್ ಕೊಟ್ಟವರ ಮಾತು ಓದುತ್ತಾರೆ. ಇವರು ಒಂದು ಸ್ಟಾರ್ ಕೊಟ್ಟವರದ್ದು ಮಾತ್ರ! ಹಾಸಿಗೆ ಗಟ್ಟಿ, ಚಹಾ ತಣ್ಣಗೆ, ಇಂಥವನ್ನೆಲ್ಲ ದಾಟಿ ಹೋಗುತ್ತಿದ್ದರು. ಒಂದು ಸಂಜೆ ಸೋಫಾದಿಂದ ಎದ್ದು ನಿಂತೇಬಿಟ್ಟರು. "ಸಿಕ್ತು! ಕೇಳಿ ಇಲ್ಲಿ. 'ಮಕ್ಕಳನ್ನು ಕರೆದುಕೊಂಡು ಅಷ್ಟು ದೂರದಿಂದ ಹೋದರೆ ಕಡಲೇ ಇರಲಿಲ್ಲ. ದೊಡ್ಡ ಮೋಸ.' ಇದೇ ನಮ್ಮ ಊರು!"

ಬ್ರಿಸ್ಟಲ್ ಹತ್ತಿರದ ವೆಸ್ಟನ್-ಸೂಪರ್-ಮೇರ್. "ನೋಡು, ಊರೇ ತನ್ನನ್ನ ಸೂಪರ್ ಅಂತ ಕರ್ಕೊಂಡಿದೆ," ಎಂದು ಅಲ್ಲಿನ ಒಂದು ವಸತಿಗೃಹಕ್ಕೆ ಆಗಲೇ ಫೋನ್ ಮಾಡಿದರು. ಬಾಡಿಗೆ ಕೇಳಲಿಲ್ಲ, ತಿಂಡಿ ಉಂಟೋ ಕೇಳಲಿಲ್ಲ. "ಮೇಡಂ, ನಿಮ್ಮ ಕಡಲು ಎಷ್ಟು ದೂರ ಹೋಗತ್ತೆ?" ಆ ಹೆಂಗಸು ಪಾಪ, ಎಷ್ಟು ಜನರ ಬೈಗುಳ ತಿಂದಿದ್ದಳೋ, ಮನೆಯ ಮಗ ಓದಲಿಲ್ಲ ಎನ್ನುವ ಧ್ವನಿಯಲ್ಲಿ ಒಪ್ಪಿಕೊಂಡಳು: "ಕ್ಷಮಿಸಿ, ಬಹಳ ದೂರ ಹೋಗಿಬಿಡುತ್ತದೆ." ಇವರು ಅಷ್ಟೇ ಸಂತೋಷದಿಂದ, "ಹಾಗಾದರೆ ಒಂದು ವಾರಕ್ಕೆ ಕೊಡಿ!"

ಹೋದೆವು. ಸಾಮಾನಿಟ್ಟು ದಡಕ್ಕೆ ನಡೆದರೆ ಕಡಲು ನಿಜಕ್ಕೂ ಇರಲಿಲ್ಲ. ಮರಳು, ಅದರಾಚೆ ಹೊಳೆಯುವ ಕೆಸರು, ಅದರಾಚೆ ಆಕಾಶ.

"ವಾರ್ ಎ ಹಾವೆತ್?" ಅಂದಳು ಮಗಳು. ಕಡಲೆಲ್ಲಿ?

"ಬರತ್ತೆ," ಅಂದರು ಇವರು. ಆ ಒಂದು ಮಾತಿನಲ್ಲಿ ಎಂಥ ಹೆಮ್ಮೆ! ತಾವೇ ಕಳಿಸಿದವರ ಹಾಗೆ.

ಕೆಸರಿನ ಕಡೆ ಹೋಗಬೇಡಿ ಎಂಬ ಬೋರ್ಡಿನಿಂದ ಈಚೆಗೇ ಮರಳಿನಲ್ಲಿ ಹಿಮ್ಮಡಿಯಿಂದ ಒಂದು ಗೆರೆ ಎಳೆದರು. "ನೀರು ಇಲ್ಲಿಗೆ ಬಂದು ನಿಲ್ಲತ್ತೆ. ಹುಟ್ಟಿದಾಗಿಂದ ನೋಡಿದೀನಿ." ಗೆರೆಯ ಈಚೆ ಬೆಡ್‌ಶೀಟ್ ಹಾಸಿ ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿದೆವು. ಇಲ್ಲದ ಕಡಲಿಗೆ ಮುಖ ಮಾಡಿ ಕೂತು ಊಟ ಮಾಡುವ ನಮ್ಮನ್ನು ನಾಯಿ ಹಿಡಿದುಕೊಂಡು ಹೋಗುವವರೆಲ್ಲ ಒಮ್ಮೆ ನಿಂತು ನೋಡಿಯೇ ಹೋದರು.

ಮೊದಲು ದೂರದಲ್ಲಿ ಬೆಳ್ಳಗೆ ಒಂದು ಎಳೆ ಕಂಡಿತು. ಆಮೇಲೆ ಅದು ಅಗಲವಾಯಿತು. ಮಗಳು ಫೋನ್ ಕೆಳಗಿಟ್ಟಳು. ಕುಂದಾಪುರದ ಕಡಲಿನ ಏರಿಳಿತಕ್ಕೂ ಅಲ್ಲಿನದ್ದಕ್ಕೂ ಮೇಕೆಗೂ ಆನೆಗೂ ಇರುವಷ್ಟು ಅಂತರ ಎಂಬುದು ನಮ್ಮವರ ಹುಟ್ಟಿದಾಗಿನ ಅನುಭವಕ್ಕೆ ಎಲ್ಲಿಂದ ಗೊತ್ತಿರಬೇಕು? ನೀರು ಗೆರೆಯ ಹತ್ತಿರ ಬಂತು. ಗೆರೆಯನ್ನು ಗಮನಿಸಲಿಲ್ಲ. ಬೆಡ್‌ಶೀಟಿನ ಕೆಳಗೇ ನುಗ್ಗಿತು!

"ಏಯ್! ಏಯ್! ಡಬ್ಬಿ! ಡಬ್ಬಿ!" ದನ ಗದರಿಸುವ ಹಾಗೆ ಕಡಲನ್ನು ಗದರಿಸುತ್ತಾ ಇವರು ಮೊಸರನ್ನದ ಹಿಂದೆ ಓಡಿದರು. ಚಿತ್ರಾನ್ನಕ್ಕೆ ಕಡಲ ಹಕ್ಕಿಗಳು ಮುಗಿಬಿದ್ದವು. ಇವರ ಒಂದು ಚಪ್ಪಲಿ ತೇಲಿಹೋಯಿತು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಮರಳಿನ ಮೇಲೆ ಉರುಳಿದಳು. ಇವರಿಗೆ ಸಿಟ್ಟಾದರೂ ಬರಬೇಕಲ್ಲ? ಮೊಣಕಾಲುದ್ದ ನೀರಿನಲ್ಲಿ ಡಬ್ಬಿ ಹಿಡಿದು ನಿಂತವರಿಗೆ ಇದ್ದಕ್ಕಿದ್ದಂತೆ ನೆನಪಾಯಿತು, ತಲೆಗಿಂತ ಮೊದಲು ಕಾಲಿಟ್ಟುಬಿಟ್ಟಿದ್ದೇನೆ! ಗಾಬರಿಯಾಗಿ ಬೊಗಸೆ ಬೊಗಸೆ ನೀರು ತಲೆಗೆ ಸುರಿದುಕೊಂಡರು. ಹತ್ತಿರವಿದ್ದ ಒಬ್ಬ ಅಜ್ಜಿ "ಹುಷಾರಿದ್ದೀಯಾ ಮಗನೇ?" ಎಂದು ಕೇಳಿದಳು. "ಹುಷಾರಿದ್ದೀನಿ ಮೇಡಂ, ಕ್ಷಮೆ ಕೇಳ್ತಾ ಇದ್ದೀನಿ," ಅಂದರು. ಆಮೇಲೆ ಬೆರಳದ್ದಿದರು. ಒಂದು ಕಣ್ಣು ಮುಚ್ಚಿದರು.

"ಉಪ್ಪಿದೆ," ಅಂದರು. ಧ್ವನಿ ಸಣ್ಣಗಾಗಿತ್ತು. "ನೋಡಿದ್ಯಲ್ಲ ಮಗಾ? ಹೋಗಿತ್ತು. ಬಂತು."

ಅದು ಹೋದ ವರ್ಷದ ಜುಲೈ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎಂದಿನಂತೆ ಬೂಟು ಹಾಕಿಕೊಂಡು "ಹೋಗ್ಬರ್ತೀನಿ" ಎಂದು ಹೇಳಿ ಆಫೀಸಿಗೆ ಹೋದರು. ಅಲ್ಲೇ ಎದೆ ನೋವು ಬಂತಂತೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅಳುವುದಕ್ಕೆ ಬೇಕಾದಷ್ಟು ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನೆನೆಯಬೇಕಾದದ್ದೂ ಅಷ್ಟೇ ಇದೆ. ಉಪ್ಪಿನ ಪೊಟ್ಟಣ ಕೊಟ್ಟಿದ್ದ ಆ ಮನುಷ್ಯ ಚಳಿಗಾಲ ಮುಗಿಯುವವರೆಗೂ ಬಂದು ನಮ್ಮ ಬಾಗಿಲ ಮುಂದಿನ ಹಿಮ ಬಾಚಿ ಹೋದ. ಒಂದು ದಿನವೂ ಬೆಲ್ ಮಾಡಲಿಲ್ಲ. ದಾಗಿಸ್‌ನ ಮಕ್ಕಳು ನಾನು ಸುಮ್ಮನೆ ಕೂತರೆ ಬಂದು ಮಡಿಲೇರಿದರು. ಮತ್ತೆ ಆ ಒಂದು ಸ್ಟಾರ್ ಕೊಟ್ಟ ಪುಣ್ಯಾತ್ಮರು, ಯಾರೋ ಏನೋ, ಅವರಿಗೂ ಒಳ್ಳೆಯದಾಗಲಿ. ಅವರು ಸಿಟ್ಟಿನಲ್ಲಿ ಬರೆಯದೆ ಇದ್ದಿದ್ದರೆ ನಮ್ಮವರ ಆ ಮುಖವನ್ನು ನಾವಿಬ್ಬರೂ ನೋಡುತ್ತಲೇ ಇರಲಿಲ್ಲ.

ಈ ವರ್ಷ ರಜೆಯ ಮಾತನ್ನು ನಾನು ಎತ್ತಿರಲಿಲ್ಲ. ಇನ್ನು ಎಲ್ಲಿಗೂ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಕಳೆದ ಭಾನುವಾರ ಮಗಳ ಜೊತೆ ದಡದ ಕಡೆ ನಡೆದು ಹೋದೆ. ಕಡಲು ಇದ್ದಲ್ಲೇ ಇತ್ತು. ಅವಳು ಸುತ್ತ ಯಾರಿದ್ದಾರೆ ಎಂದು ನೋಡಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ತಲೆಗೆ ನೀರು ಚಿಮುಕಿಸಿಕೊಂಡಳು. ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಒಂದು ಕಣ್ಣು ಮುಚ್ಚಿದಳು.

"ಸಪ್ಪೆ," ಅಂದಳು. ಕನ್ನಡದಲ್ಲಿ.

ನಾನು ನಕ್ಕುಬಿಟ್ಟೆ. ಎಷ್ಟೋ ತಿಂಗಳಿಂದ ನಕ್ಕಿರಲಿಲ್ಲವೇನೋ, ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಮನೆಗೆ ಬಂದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. "ಅಮ್ಮ, ಇಲ್ಲೊಂದಿದೆ. ವೇಲ್ಸ್ ಕಡೆ. ಐದು ಸ್ಟಾರ್."

"ಐದಾ? ಕೆಳಗೆ ಹೋಗು."

ಕೆಳಗೆ ಹೋದಳು. ಇನ್ನೂ ಕೆಳಗೆ. ನಿಂತಳು. ನಿಧಾನವಾಗಿ ಓದಿದಳು. "ನಾವು ಹೋದಾಗ ಕಡಲು ಇರಲೇ ಇಲ್ಲ."

ತಲೆಯೆತ್ತಿ ನನ್ನನ್ನು ನೋಡಿದಳು.

"ಬರತ್ತೆ," ಅಂದೆ. "ಬುಕ್ ಮಾಡು."