ಲಘು ಉಪಾಹಾರದ ವ್ಯವಸ್ಥೆ ಇದೆ

ಬೇರೆಯವರ ಆಫೀಸಲ್ಲಿ ವರ್ಷಕ್ಕೊಂದು ತಮಾಷೆ ನಡೆದ್ರೆ ಹೆಚ್ಚು. ನನ್ನ ಟೇಬಲ್ ಹತ್ರ ವಾರಕ್ಕೆರಡು ನಡೆಯುತ್ತೆ, ಒಂದಕ್ಕೂ ಆ ಹೊತ್ತಲ್ಲಿ ನಾನು ನಕ್ಕಿದ್ದು ನೆನಪಿಲ್ಲ. ತುಮಕೂರಿನ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಡಿಟಿಪಿ ಆಪರೇಟರ್. ಶ್ರದ್ಧಾಂಜಲಿ ಜಾಹೀರಾತು, ಹೆಸರು ಬದಲಾವಣೆ, ಕಳೆದುಹೋದ ಮಾರ್ಕ್ಸ್ ಕಾರ್ಡು, ಎಲ್ಲಾ ಟೈಪ್ ಮಾಡೋಳು ನಾನೇ. ಇದರ ಮಧ್ಯೆ ನನ್ನದು ಅಂತ ಇದ್ದದ್ದು ಒಂದೇ: ಮೂರನೇ ಪುಟದ ಮೂಲೇಲಿ ‘ಇಂದು ಊರಲ್ಲಿ’ ಅನ್ನೋ ಅಂಗೈಯಗಲದ ಅಂಕಣ. ನಾಟಕ, ಸಿನಿಮಾ, ಕವಿಗೋಷ್ಠಿ, ರಕ್ತದಾನ ಎಲ್ಲಿ, ಎಷ್ಟು ಗಂಟೆಗೆ ಅನ್ನೋದು. ಇಪ್ಪತ್ತೊಂದು ವರ್ಷ ಬರೆದೆ. ಕೆಳಗೆ ನನ್ನ ಹೆಸರು ಒಂದು ದಿನವೂ ಬರಲಿಲ್ಲ.

ತಿಂಗಳ ಮೊದಲಲ್ಲಿ ಸಂಪಾದಕರು ಕರೆದ್ರು. “ಮೇಡಂ, ಈಗ ಎಲ್ಲಾ ವಾಟ್ಸಾಪಲ್ಲೇ ಬರುತ್ತೆ. ನಿಮ್ಮ ಅಂಕಣ ಯಾರ್ ಓದ್ತಾರೆ? ಹತ್ತು ಜನ ಓದ್ತಾರೆ ಅಂತ ತೋರಿಸಿ, ಮುಂದುವರಿಸೋಣ. ಇಲ್ಲಾಂದ್ರೆ ತಿಂಗಳ ಕೊನೆಗೆ ನಿಲ್ಸೋಣ.”

ಲಕ್ಷವಲ್ಲ, ಸಾವಿರವಲ್ಲ, ಹತ್ತು. ಯಾರ್ಯಾರು ಅಂತ ನೆನಪು ಮಾಡ್ಕೊಳ್ಳೋಕೆ ಕೂತೆ. ಸಂಜೆವರೆಗೂ ಕೂತಿದ್ದೆ. ಖಚಿತವಾಗಿ ಹೊಳೆದೋರು ಇಬ್ಬರು.

೧. ಮೊದಲನೆಯವರು

ಕುಣಿಗಲ್ಲಿನವರು. ತಾಲ್ಲೂಕು ಕಚೇರೀಲಿ ಶಿರಸ್ತೇದಾರರಾಗಿ ರಿಟೈರ್ ಆದೋರು. ದಿನಾ ಬೆಳಿಗ್ಗೆ ಪೇಪರ್ ಹಿಡ್ಕೊಂಡು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳೋರು: “ತಿಂಡಿ ಇದೆಯೇನಮ್ಮಾ?” ಇವರ ಕಾಟಕ್ಕೇ ನಾನು ಪ್ರತಿ ಕಾರ್ಯಕ್ರಮದ ಕೊನೇಲಿ ‘ಲಘು ಉಪಾಹಾರದ ವ್ಯವಸ್ಥೆ ಇದೆ’ ಅಂತ ಸೇರಿಸೋ ಅಭ್ಯಾಸ ಮಾಡ್ಕೊಂಡಿದ್ದು.

ಒಂದು ಕವಿಗೋಷ್ಠಿಗೂ ಹಂಗೇ ಹಾಕಿದ್ದೆ. ಮಾರನೇ ದಿನ ಫೋನ್ ಬಂತು.

“ವೇದಿಕೆ ಮೇಲೆ ಹದಿನಾಲ್ಕು ಜನ ಕವಿಗಳು ಕಣಮ್ಮಾ. ಕೆಳಗೆ ನಾನೊಬ್ನೇ. ಎದ್ದು ಹೋಗೋ ಹಂಗೂ ಇಲ್ಲ, ಹದಿನಾಲ್ಕು ಜನಾನೂ ನನ್ನೇ ನೋಡ್ತಾವ್ರೆ.”

“ತಿಂಡಿ ಸಿಕ್ತಾ ಸಾರ್?”

“ಉಪ್ಪಿಟ್ಟು ಕವಿಗಳಿಗೆ ಮಾತ್ರ ಮಾಡ್ಸಿರೋದು ಅಂದ್ರು. ಬೇಕಾದ್ರೆ ನೀವೂ ಒಂದು ಓದಿ ಅಂದ್ರು.”

“ಓದಿದ್ರಾ?”

“ಮತ್ತೆ? ಜೇಬಲ್ಲಿ ಪಿಂಚಣಿ ಸುತ್ತೋಲೆ ಇತ್ತು. ಅದನ್ನೇ ನಿಧಾನಕ್ಕೆ, ಒಂದೊಂದು ಸಾಲು ಎರಡೆರಡು ಸಲ ಓದಿದೆ. ಒಳ್ಳೇ ನವ್ಯ ಕವಿತೆ ಕೇಳಿ ಬಹಳ ದಿನ ಆಗಿತ್ತು ಅಂತ ಅಧ್ಯಕ್ಷರು ಹೊಗಳಿದ್ರು. ಅದು ಬುಡು, ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ.”

೨. ಎರಡನೆಯವರು

ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರೋ ಯಜಮಾನರು. ಒಳ್ಳೇ ಮನುಷ್ಯ, ಯಾರು ಕರೆದ್ರೂ ಇಲ್ಲ ಅನ್ನಲ್ಲ. ಹಾಗಾಗಿ ಜಿಲ್ಲೇಲಿ ಎಲ್ಲಿ ಏನು ನಡೆದ್ರೂ ಮುಖ್ಯ ಅತಿಥಿ ಇವರೇ. ಯಾವತ್ತು ಎಲ್ಲಿಗೆ ಒಪ್ಕೊಂಡಿದೀನಿ ಅಂತ ಅವರಿಗೇ ನೆನಪಿರಲ್ಲ. ಬೆಳಿಗ್ಗೆ ನನ್ನ ಅಂಕಣ ನೋಡಿ, ತಮ್ಮ ಹೆಸರಿದ್ದ ಕಡೆಗೆ ಕಾರು ಹತ್ತೋರು. ಡಿಕ್ಕೀಲಿ ಶಾಲು, ಹಣ್ಣಿನ ಬುಟ್ಟಿ ಸದಾ ರೆಡಿ. ಭಾಷಣ ಒಂದೇ, ಅದರ ಕೊನೇ ಸಾಲೂ ಒಂದೇ.

ಒಂದು ದಿನ ‘ಹಾರ್ಮೋನಿಯಂ ಮೇಷ್ಟ್ರಿಗೆ ನುಡಿನಮನ’ ಅಂತ ಬಂದಿತ್ತು. ಯಜಮಾನರು ಸನ್ಮಾನ ಅಂದ್ಕೊಂಡು ಹೋದ್ರು. “ಎಲ್ಲಿ ನಮ್ಮ ಮೇಷ್ಟ್ರು?” ಅಂತ ಶಾಲು ಬಿಡಿಸ್ಕೊಂಡು ನಿಂತಾಗ ಯಾರೋ ಫೋಟೋ ತೋರಿಸಿದ್ರು. ಎದೆಗುಂದಲಿಲ್ಲ, ಶಾಲನ್ನ ಫೋಟೋಗೇ ಹೊದಿಸಿದ್ರು. ಆದ್ರೆ ನಾಲಿಗೆಗೆ ಬಿದ್ದ ಅಭ್ಯಾಸ ಎಲ್ಲಿ ಹೋಗುತ್ತೆ? ಭಾಷಣದ ಕೊನೇಲಿ ಗಟ್ಟಿಯಾಗಿ, “ಇಂಥ ಕಾರ್ಯಕ್ರಮಗಳು ಇನ್ನೂ ಹೆಚ್ಚು ಹೆಚ್ಚು ನಡೀಬೇಕು” ಅಂದುಬಿಟ್ರು.

ಮುಂದಿನ ಸಾಲಲ್ಲಿದ್ದ ಮೇಷ್ಟ್ರ ಹೆಂಡತಿ ಮೆಲ್ಲಗೆ ಅಂದ್ರು, “ನಮ್ಮನೇಲಿ ಇನ್ನು ನಾನೊಬ್ಳೇ ಉಳಿದಿರೋದು ಸ್ವಾಮಿ.”

ಅವತ್ತಿಂದ ಯಜಮಾನರು ಹೊರಡೋ ಮುಂಚೆ ನನಗೆ ಫೋನ್ ಮಾಡ್ತಾರೆ: “ತಾಯಿ, ಇವತ್ತಿಂದು ಸಂತೋಷದ್ದೋ ದುಃಖದ್ದೋ?” ಸಂತೋಷದ್ದು ಅಂದ್ರೆ ‘ಹೆಚ್ಚು ಹೆಚ್ಚು ನಡೀಬೇಕು’. ದುಃಖದ್ದು ಅಂದ್ರೆ ‘ಇನ್ನು ಮುಂದೆ ನಡೀಬಾರದು’.

೩. ಮೂರನೆಯವಳು ನಾನೇ

ನನ್ನ ಅಂಕಣ ಓದಿ ನಾನೇ ಒಂದು ಸಲ ಹೋಗಿದ್ದೆ. ಒಂದು ಸಿನಿಮಾ ಕ್ಲಬ್ಬಿನವರು ಶಾಲೆ ಹಾಲಲ್ಲಿ ಪರದೇಶದ ಚಿತ್ರ ತೋರಿಸ್ತಿದ್ರು. ‘ಪ್ರವೇಶ ಉಚಿತ, ಚರ್ಚೆ ಕಡ್ಡಾಯ’ ಅಂತ ಅವರ ಕಾರ್ಯದರ್ಶಿ ಹೇಳಿ ಬರೆಸಿದ್ರು. ಎಂಟು ಜನ ಇದ್ವಿ. ಶುರುವಿಗೆ ಮುಂಚೆ ಕಾರ್ಯದರ್ಶಿ, “ಇದು ನಿಧಾನದ ಸಿನಿಮಾ, ತಾಳ್ಮೆ ಇರಲಿ” ಅಂದಿದ್ರು.

ಅರ್ಧ ಗಂಟೆ ಆದ್ಮೇಲೆ ಪರದೆ ಮೇಲೆ ಒಬ್ಬ ಹೆಂಗಸು ಕಿಟಕಿ ಹತ್ರ ಬಂದು ನಿಂತಳು. ನಿಂತೇ ಇದ್ಲು. ಮಾತಿಲ್ಲ, ಕತೆಯಿಲ್ಲ, ಹೊರಗೆ ನೋಡ್ತಾ ನಿಂತಿದ್ದಾಳೆ. ಇಪ್ಪತ್ತೊಂದು ವರ್ಷದಿಂದ ಒಂದೇ ಕಡೆ ಕೂತು, ಊರವರೆಲ್ಲಾ ಎಲ್ಲೆಲ್ಲಿ ಹೋಗ್ತಾರೆ ಅಂತ ಬರೀತಾ ಇರೋಳು ನಾನೇ ಅಲ್ವಾ ಅನ್ನಿಸ್ತು. ಸೆರಗಲ್ಲಿ ಕಣ್ಣೊರೆಸ್ಕೊಂಡೆ. ಪಕ್ಕದೋರೂ ಮೂಗು ಸೀಟಿದ್ರು.

ಅಷ್ಟರಲ್ಲಿ ಶಾಲೆಯ ವಾಚ್‌ಮ್ಯಾನ್ ಬಾಗಿಲಲ್ಲಿ ನಿಂತು, “ಸಾ, ಲ್ಯಾಪ್‌ಟಾಪ್ ಆಗ್ಲೇ ನಿಂತೋಗೈತೆ. ಯಾರೂ ನೋಡ್ಲಿಲ್ವಾ?” ಅಂದ.

ಸರಿಮಾಡಿ ಮತ್ತೆ ಹಾಕಿದ್ರು. ಆ ಹೆಂಗಸು ಕಾಗೆ ಓಡಿಸಿ, ಒಣಗಿದ ಬಟ್ಟೆ ತಗೊಂಡು ಒಳಗೆ ಹೋದ್ಲು. ನಾನು ಸುರಿಸಿದ ಕಣ್ಣೀರಿಗೆ ಕೇಳೋರು ಯಾರು? ಚರ್ಚೆಯಲ್ಲಿ ಮಾತ್ರ ಎಂಟಕ್ಕೆ ಏಳು ಜನ ಮೆಚ್ಚಿಕೊಂಡಿದ್ದು ಅವಳು ಅಲ್ಲಾಡದೆ ನಿಂತಿದ್ದನ್ನೇ.

೪. ಏಳು ಫೋನು

ಮೂರು ಜನ ಆಯ್ತು, ಅದರಲ್ಲಿ ನನ್ನನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಸಂಪಾದಕರೇ ಒಂದು ದಾರಿ ಹೇಳಿದ್ರು. “ಒಂದು ದಿನ ಅಂಕಣ ಬಿಟ್ಟು ನೋಡೋಣ. ಯಾಕೆ ಬಂದಿಲ್ಲ ಅಂತ ಹತ್ತು ಫೋನ್ ಬರಲಿ, ಸಾಕು.”

ಅವತ್ತು ಬೆಳಿಗ್ಗೆ ಆರಕ್ಕೇ ಬಂದು ಫೋನ್ ಪಕ್ಕ ಕೂತೆ. ಆರೂವರೆಗೆ ಮೊದಲನೇ ಕರೆ, ಶಿರಸ್ತೇದಾರರದ್ದು. “ಇವತ್ತು ಊರಲ್ಲಿ ಏನೂ ಇಲ್ವೇನಮ್ಮಾ?”

“ಇದೆ ಸಾರ್, ಪೇಪರಲ್ಲಿ ಬಂದಿಲ್ಲ ಅಷ್ಟೇ.”

“ಪೇಪರಲ್ಲಿ ಇಲ್ಲ ಅಂದ್ಮೇಲೆ ಇಲ್ಲ ಅಂತಲೇ ಅರ್ಥ. ನಾನು ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದೋನು.”

ಏಳಕ್ಕೆ ಅವರೇ. ಎಂಟಕ್ಕೂ ಅವರೇ. ಗುಬ್ಬಿ ಯಜಮಾನರು ಫೋನ್ ಮಾಡಲೇ ಇಲ್ಲ, ಹೆಸರಿಲ್ಲ ಅಂದ್ಮೇಲೆ ರಜಾ ಅಂದ್ಕೊಂಡು ನೆಮ್ಮದಿಯಾಗಿ ಮಲಗಿದ್ರಂತೆ. ಮಧ್ಯಾಹ್ನದ ಹೊತ್ತಿಗೆ ಏಳು ಕರೆ, ಏಳೂ ಶಿರಸ್ತೇದಾರರದ್ದೇ. ನಾಚಿಕೆ ಬಿಟ್ಟು ಕೇಳಿದೆ, “ಸಾರ್, ಸಂಜೆ ಒಳಗೆ ಇನ್ನು ಮೂರು ಸಲ ಮಾಡ್ತೀರಾ?”

“ಯಾಕಮ್ಮಾ, ತಿಂಡಿ ಇರೋದು ಏನಾದ್ರೂ ಗೊತ್ತಾಗುತ್ತಾ?”

“ಇಲ್ಲ ಸಾರ್, ಸುಮ್ನೆ.”

“ಸುಮ್ಸುಮ್ನೆ ಯಾರಮ್ಮಾ ಫೋನ್ ಮಾಡ್ತಾರೆ?” ಅಂತ ಇಟ್ರು.

೫. ಮುಕ್ತಾಯ

ತಿಂಗಳ ಕೊನೆ ಬಂತು. “ಎರಡು ಸಾಲು ಹಾಕಿ ಮುಗಿಸಿಬಿಡಿ ಮೇಡಂ” ಅಂದ್ರು ಸಂಪಾದಕರು. ‘ಇಂದು ಊರಲ್ಲಿ ಅಂಕಣದ ಮುಕ್ತಾಯ’ ಅಂತ ಟೈಪ್ ಮಾಡೋ ಹೊತ್ತಿಗೆ ಕಣ್ಣು ಮಂಜಾಯ್ತು. ಸುಳ್ಳು ಯಾಕೆ, ಅತ್ತೆ. ಮಿಕ್ಕಿದ್ದನ್ನ ಕೈ ತನ್ನ ಪಾಡಿಗೆ ತಾನು ಹೊಡೀತು. ಬೆಳಿಗ್ಗೆ ಪೇಪರ್ ನೋಡಿದ್ರೆ, ಕೆಳಗೆ ಹೀಗಿದೆ: ‘ಸ್ಥಳ: ಪತ್ರಿಕಾ ಕಚೇರಿ. ಸಮಯ: ಹತ್ತೂವರೆ. ಮುಖ್ಯ ಅತಿಥಿ: ಗುಬ್ಬಿ ಯಜಮಾನರು. ಸರ್ವರಿಗೂ ಸ್ವಾಗತ. ಲಘು ಉಪಾಹಾರದ ವ್ಯವಸ್ಥೆ ಇದೆ.’

ನಾನು ಆಫೀಸಿಗೆ ಬರೋ ಹೊತ್ತಿಗೆ ಶಿರಸ್ತೇದಾರರು ಸಂಪಾದಕರ ಎದುರು ಕುರ್ಚಿ ಎಳ್ಕೊಂಡು ಕೂತಿದ್ರು. ಹಿಂದೇನೇ ಸಿನಿಮಾ ಕ್ಲಬ್ಬಿನ ಕಾರ್ಯದರ್ಶಿ. ಕೈಯಲ್ಲಿ ಹಾಳೆ ಹಿಡ್ಕೊಂಡು ನಾಲ್ಕು ಜನ ಕವಿಗಳು. ಹಾರ್ಮೋನಿಯಂ ಮೇಷ್ಟ್ರ ಹೆಂಡತಿ. ಹಿರೇಹಳ್ಳಿ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಯೂನಿಫಾರಂನಲ್ಲೇ ಬಂದಿದ್ದ ಇಬ್ಬರು, ನಾನು ಕಂಡೇ ಇಲ್ಲದ ಇನ್ನೂ ಎಂಟು ಜನ. ಎಣಿಸಿದೆ. ಹದಿನೇಳು.

“ಹತ್ತು ಅಂದಿದ್ರಿ ಸಾರ್” ಅಂದೆ ಸಂಪಾದಕರಿಗೆ.

“ಆ ಜಾಗ ನಾಳೆಯಿಂದ ಜಾಹೀರಾತಿಗೆ ಕೊಟ್ಟಾಯ್ತಲ್ಲ ಮೇಡಂ” ಅಂದ್ರು. ಅವರ ಮುಖವೂ ಸಣ್ಣಗಾಗಿತ್ತು, ಪಾಪ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಸಂಪಾದಕರೇ ಪಕ್ಕದ ಹೋಟೆಲಿಗೆ ಫೋನ್ ಮಾಡಿ ತಟ್ಟೆ ಇಡ್ಲಿ ತರಿಸಿದ್ರು.

ಹತ್ತೂವರೆಗೆ ಸರಿಯಾಗಿ ಯಜಮಾನರು ಶಾಲು, ಹಣ್ಣಿನ ಬುಟ್ಟಿ ಹಿಡ್ಕೊಂಡು ಬಂದ್ರು. ಶಾಲನ್ನ ನನಗೆ ಹೊದಿಸಿ, ಬಗ್ಗಿ ಕಿವೀಲಿ ಕೇಳಿದ್ರು: “ತಾಯಿ, ಇದು ಸಂತೋಷದ್ದೋ ದುಃಖದ್ದೋ?”

“ನನಗೂ ಗೊತ್ತಾಗ್ತಿಲ್ಲ ಯಜಮಾನ್ರೇ” ಅಂದೆ.

ಭಾಷಣ ಮಾಡಿದ್ರು. ಕೊನೇ ಸಾಲಿಗೆ ಬಂದು, “ಇಂಥ ಕಾರ್ಯಕ್ರಮಗಳು...” ಅಂತ ನಿಂತ್ರು. ಮೇಷ್ಟ್ರ ಹೆಂಡತಿ ಕಡೆ ನೋಡಿದ್ರು. ನನ್ನ ಕಡೆ ನೋಡಿದ್ರು. “ಹೆಚ್ಚೂ ಬೇಡ, ಕಮ್ಮೀನೂ ಬೇಡ. ವರ್ಷಕ್ಕೊಂದು ನಡೆದ್ರೆ ಸಾಕು” ಅಂತ ಕೂತ್ರು. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ.

ಶಿರಸ್ತೇದಾರರು ಜೇಬಿಂದ ಪೆನ್ನು ತೆಗೆದ್ರು. “ಮುಂದಿನ ವರ್ಷದ್ದು ಯಾವಾಗಮ್ಮಾ?”

“ನೋಡೋಣ ಸಾರ್.”

“ನೋಡೋಣ ಅಂದ್ರೆ ಆಗಲ್ಲ. ಪೇಪರಲ್ಲಿ ಹಾಕ್ಬೇಕು. ಇಲ್ಲಾಂದ್ರೆ ನಮಗೆ ಹೆಂಗಮ್ಮಾ ಗೊತ್ತಾಗೋದು?”

ಹದಿನೇಳು ಜನಾನೂ ಸಂಪಾದಕರ ಕಡೆ ನೋಡಿದ್ರು. ಸಂಪಾದಕರು ಇಡ್ಲಿ ಕಡೆ ನೋಡಿದ್ರು.