ಚೌಕ ಅಕ್ಷರದ ಬಾಮೈದ

ನನ್ನ ಬಾಮೈದನ ಕಣ್ಣಿಗೆ ಹುಣ್ಣಿಮೆಯ ಚಂದ್ರನೂ ಚೌಕವಾಗಿಯೇ ಕಾಣುತ್ತಾನೆ! ಉತ್ಪ್ರೇಕ್ಷೆ ಅನ್ನಬೇಡಿ. ದುಂಡಗಿನ ಹೋಳಿಗೆಯನ್ನು ಸುತ್ತಲೂ ಮುರಿದು, ಚೌಕ ಮಾಡಿಕೊಂಡು ತಿನ್ನುವುದನ್ನು ನಾನೇ ನೋಡಿದ್ದೇನೆ.

ಯಶವಂತಪುರದಲ್ಲಿ ಅವನದೊಂದು ಬೋರ್ಡಿನ ಅಂಗಡಿ. ಅಂಗಡಿಗಳ ನೆತ್ತಿಯ ಮೇಲೆ ಕೆಂಪು ದೀಪದ ಅಕ್ಷರಗಳು ಸಾಲಾಗಿ ಓಡುತ್ತಿರುತ್ತವಲ್ಲ, ಆ ಬೋರ್ಡುಗಳನ್ನು ಮಾಡುವುದು ಅವನ ಕಸುಬು. ಸಾಲು ಸಾಲು ಪುಟ್ಟ ದೀಪ. ಕೆಲವು ಹತ್ತಬೇಕು, ಕೆಲವು ಆರಬೇಕು, ಅಕ್ಷರವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೇಕೆ ಬಿಪಿ ಏರಿಸಿಕೊಳ್ಳುತ್ತಿದ್ದೆ? ಆಸಾಮಿ ಕಂಪ್ಯೂಟರಿನ ಮುಂದೆ ಕೂತು, ಇಡೀ ಕನ್ನಡ ವರ್ಣಮಾಲೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕಟ್ಟಿ, ತನ್ನದೇ ಒಂದು ದಪ್ಪ ಫಾಂಟ್ ಮಾಡಿಬಿಟ್ಟ! ಹಿಂದೆ ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮಿನಲ್ಲಿ ಅಕ್ಷರಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದವಲ್ಲ, ಥೇಟ್ ಹಾಗೆ.

ಕನ್ನಡ ಅಕ್ಷರ ಅಂದರೆ ಏನು ಸ್ವಾಮಿ? ನಮ್ಮ ತಾತ ಮರಳಿನ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದ್ದು ಜಿಲೇಬಿ ಸುತ್ತಿದಂಥ ಅಕ್ಷರ. ಇವನ ಫಾಂಟಿನಲ್ಲಿ ತಲೆಕಟ್ಟಿಗೆ ಮೂಲೆ, ಕೊಂಬಿಗೆ ಮೂಲೆ, ಕೊನೆಗೆ ಸೊನ್ನೆಗೂ ನಾಲ್ಕು ಮೂಲೆ! ಸೊನ್ನೆ ಏನು ಪಾಪ ಮಾಡಿತ್ತು?

ಕೇಳಿದರೆ, "ಹತ್ರ ನಿಂತು ಬೈತೀರಲ್ಲ ಭಾವ! ದೂರದಿಂದ ನೋಡಿ" ಎನ್ನುತ್ತಾನೆ.

"ಎಷ್ಟು ದೂರದಿಂದ್ಲೋ?"

"ಹೆಬ್ಬಾಳದ ಫ್ಲೈಓವರ್ ಮೇಲಿಂದ ನೋಡಿದ್ರೂ ಕಾಣ್ಬೇಕು, ಹಂಗ್ ಮಾಡಿದೀನಿ."

"ಅಲ್ಲಿ ಟ್ರಾಫಿಕ್ ಯಾಕ್ ನಿಂತಿರತ್ತೆ ಅಂತ ಈಗ ಗೊತ್ತಾಯ್ತು ಬಿಡು!"

ಆರ್.ಟಿ. ನಗರದ ಹಲ್ಲಿನ ಡಾಕ್ಟರೊಬ್ಬರಿಗೆ ಇದೇ ಫಾಂಟಿನಲ್ಲಿ ಬೋರ್ಡ್ ಮಾಡಿಕೊಟ್ಟ. ಒಂದೊಂದು ಅಕ್ಷರವೂ ಕಿತ್ತಿಟ್ಟ ದವಡೆ ಹಲ್ಲಿನಂತಿದೆ! ಇವನ ಪರವಾಗಿ ನಾನೇ ಕ್ಷಮೆ ಕೇಳೋಣವೆಂದು ಹೋದರೆ ಆ ಪುಣ್ಯಾತ್ಮರು, "ತುಂಬಾ ಚೆನ್ನಾಗಿದೆ ಸಾರ್. ನೋಡಿದ ತಕ್ಷಣ ಜನಕ್ಕೆ ಅವರವರ ಹಲ್ಲು ನೆನಪಾಗತ್ತೆ" ಅಂದುಬಿಟ್ಟರು. ಇಂಥವರಿಂದಲೇ ಇವನು ಕೆಟ್ಟದ್ದು.

ಆಮೇಲಿನದು ಇನ್ನೂ ಅನ್ಯಾಯ. ಯಲಹಂಕದಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ಫ್ಲೆಕ್ಸನ್ನು ಇವನೇ ಮಾಡಿಸಿದ. ಆ ಯಜಮಾನರ ಗಂಭೀರ ಮುಖ, ಕೆಳಗೆ ಈ ಗೇಮಿನ ಅಕ್ಷರ! ಬೀದಿಯ ಮಕ್ಕಳು ಗುಂಪುಗೂಡಿ ನೋಡಿ, "ಅಂಕಲ್, ತಾತ ಎಷ್ಟನೇ ಲೆವೆಲ್‌ನಲ್ಲಿ ಔಟಾದ್ರು?" ಅಂತ ಕೇಳಿದವು.

ಇಷ್ಟನ್ನೂ ಸಹಿಸಿಕೊಂಡೆ. ನನ್ನ ಮಗಳು ಚಂದನಳ ಮದುವೆ ಗೊತ್ತಾಯಿತು ನೋಡಿ, ಅಲ್ಲಿಗೂ ಕೈ ಹಾಕಿದ! ನಮ್ಮ ಮನೆತನದಲ್ಲಿ ಛತ್ರದ ಬಾಗಿಲಿಗೆ ಹೂವಿನಲ್ಲಿ ಹುಡುಗಿಯ ಹೆಸರು ಬರೆಸುವುದು ಸೋದರಮಾವನ ಹಕ್ಕು. ಬೀಗರೋ ಬಾಗಲೂರಿನವರು, ಸಾರಿಗೆ ಉಪ್ಪು ಕಡಿಮೆಯಾದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುವ ಜನ. ಅವರೆದುರು ನನ್ನ ಒಬ್ಬಳೇ ಮಗಳ ಹೆಸರು ಇಟ್ಟಿಗೆ ಗೂಡಿನ ಹಾಗೆ ನಿಲ್ಲಬೇಕೇ?

"ಒಂದೇ ಒಂದು ದಿನ ದುಂಡಗೆ ಬರೆಸೋ ಮಹರಾಯ!" ಎಂದು ಗೋಗರೆದೆ.

"ಆಗಲ್ಲ ಭಾವ. ಬರ್ಯೋರು ಬೇರೆಯವರು. ಅವರಿಗೆ ದುಂಡಗೆ ಬರಲ್ಲ."

"ಬರೋರನ್ನ ಕರ್ಕೊಂಡ್ ಬಾ!"

"ಊಹೂಂ. ಅವರೇ ಬರೀಬೇಕು."

ನನ್ನ ಹೆಂಡತಿ ಬೇರೆ, "ನನ್ನ ತಮ್ಮನ ಹಕ್ಕಿಗೆ ಅಡ್ಡ ಬರ್ಬೇಡ್ರೀ!" ಎಂದು ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ನಾನು ಬಿಡುತ್ತೇನೆಯೇ? ಎಲ್ಲರ ಎದುರಿಗೇ ಫೋನ್ ಮಾಡಿ, ಹೂವಿನ ಅಲಂಕಾರದವರಿಗೆ ಒಪ್ಪಿಸಿದೆ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಅವರಿಂದ ಫೋನ್ ಬಂತು: "ಸಾರ್, ನಿಮ್ಮ ಬಾಮೈದ ನಮ್ಮನ್ನ ಬಾಗಿಲಲ್ಲೇ ವಾಪಸ್ ಕಳಿಸ್ಬಿಟ್ರು!"

ಸ್ಕೂಟರ್ ಹತ್ತಿದೆ. ಯಲಹಂಕದಿಂದ ರಾಜಾನುಕುಂಟೆಯ ಛತ್ರದವರೆಗೆ ದಾರಿಯುದ್ದಕ್ಕೂ ಬೈಗುಳ ಮಸೆದುಕೊಂಡೇ ಹೋದೆ. ಇವತ್ತು ಇವನ ಫಾಂಟಿಗೂ ವೈಕುಂಠ ಸಮಾರಾಧನೆ ಮಾಡಿಯೇ ಸೈ!

ಛತ್ರದ ಹಿಂದಿನ ಜಗಲಿಯಲ್ಲಿ ಒಂದು ದೊಡ್ಡ ಥರ್ಮೋಕೋಲ್ ಹಲಗೆ, ಅದರ ತುಂಬ ಪೆನ್ಸಿಲ್ಲಿನಲ್ಲಿ ಗೀಚಿದ ಚೌಕದ ಮನೆಗಳು. ಅದರ ಮುಂದೆ ಕಾಲು ಚಾಚಿ ಕೂತಿದ್ದವರು ನಮ್ಮತ್ತೆ, ಅಂದರೆ ಬಾಮೈದನ ತಾಯಿ. ಮಡಿಲ ತುಂಬ ಹಳದಿ ಸೇವಂತಿಗೆ. ಶಾಲೆಯ ಮೆಟ್ಟಿಲು ಹತ್ತದವರು. ರೇಷನ್ ಅಂಗಡಿಯಿಂದ ಬ್ಯಾಂಕಿನವರೆಗೆ ಹೆಬ್ಬೆಟ್ಟು ಒತ್ತಿಯೇ ಬದುಕಿದವರು. ಪಕ್ಕದಲ್ಲಿ ಬಾಮೈದನ ಚೌಕ ಅಕ್ಷರಗಳಿದ್ದ ಒಂದು ಹಾಳೆ. ಅದರ ಮೇಲೆ ಬೆರಳಿಟ್ಟು ಮನೆ ಎಣಿಸುವುದು, ತುಟಿಯಲ್ಲೇ ಲೆಕ್ಕ ಹಿಡಿದುಕೊಂಡು ಹಲಗೆಗೆ ಒಂದು ಹೂವು ಸಿಕ್ಕಿಸುವುದು. ಬಾಮೈದ ತೊಟ್ಟು ಕತ್ತರಿಸಿ ಕೊಡುತ್ತಿದ್ದ.

"ಬನ್ನಿ ಅಳಿಯಂದ್ರೆ," ಎಂದರು ಅತ್ತೆ. "ಚುಕ್ಕಿ ರಂಗೋಲಿ ಇದ್ದಂಗೇ ಐತೆ. ಮನೆ ಎಣ್ಸಿ ಊವ ಇಟ್ಕೊಂಡ್ ಬಂದ್ರೆ ಅಕ್ಸರ ಆಯ್ತದೆ ಅಂದ ಇವ್ನು. ಮೊಮ್ಮಗಳ ಎಸ್ರು ನಾನೇ ಬರ್ದೆ."

ಮಸೆದು ತಂದಿದ್ದ ಬೈಗುಳವನ್ನೆಲ್ಲ ಚಪ್ಪಲಿಯ ಜೊತೆ ಕೆಳಗೇ ಬಿಟ್ಟು ಜಗಲಿ ಹತ್ತಿದೆ. ಬಾಮೈದ ತಲೆ ಎತ್ತಿ ನೋಡಲೂ ಇಲ್ಲ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹಲಗೆಯನ್ನು ನನ್ನ ಕಡೆ ತಿರುಗಿಸಿದರು. "ನಂಗೆ ಓದಾಕ್ ಬರಾಕಿಲ್ವಲ್ಲ. ಸರ್ಯಾಗೈತಾ, ನೀವೊಂದ್ ಕಿತ ಓದೇಳಿ."

"ಚಂದನ" ಎಂದೆ.

ಅತ್ತೆ ಹಲಗೆಯನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ, "ಇನ್ನೊಂದ್ ಕಿತ ಓದಿ" ಎಂದರು.